ಹೆಸರು ಕೊನೆಗೆ ಬರೆಯಿರಿ: ಅಪಾಯಕಾರಿ ಮಿಶ್ರಣಗಳನ್ನು ಸಾಗಣೆಗೆ ಸಿದ್ಧ ಮಾಡುವುದು ಹೇಗೆ

ಕೆಮಿಕಲ್ ಮಿಶ್ರಣವೊಂದನ್ನು ಲಾರಿಗೋ ಹಡಗಿಗೋ ಹತ್ತಿಸಬೇಕು ಅಂದಾಗ ಹೆಚ್ಚಿನವರು ಮೊದಲು ಮಾಡುವುದು ಒಂದೇ ಕೆಲಸ. ಅಪಾಯಕಾರಿ ಸರಕುಗಳ ಪಟ್ಟಿ ತೆಗೆದು, ತಮ್ಮ ಡ್ರಮ್ಮಿನಲ್ಲಿರುವುದಕ್ಕೆ ಹತ್ತಿರದ ಹೆಸರು ಯಾವುದಿದೆ ಅಂತ ಹುಡುಕುತ್ತಾರೆ. ಸಿಕ್ಕ ತಕ್ಷಣ ಅದರ ಎದುರಿಗಿರುವ ಯುಎನ್ ನಂಬರು (ವಿಶ್ವಸಂಸ್ಥೆಯ ಗುರುತಿನ ಸಂಖ್ಯೆ), ಕ್ಲಾಸು (ಅಪಾಯದ ಬಗೆ), ಪ್ಯಾಕಿಂಗ್ ಗ್ರೂಪು (ಅಪಾಯ ಎಷ್ಟು ಜೋರು ಅನ್ನುವುದು) ಎಲ್ಲವನ್ನೂ ಹಾಗೇ ಇಳಿಸಿಕೊಳ್ಳುತ್ತಾರೆ. ಐದು ನಿಮಿಷದ ಕೆಲಸ. ಎಷ್ಟೋ ಸಲ ಉತ್ತರ ಸರಿಯೂ ಆಗಿಬಿಡುತ್ತದೆ. ತೊಂದರೆ ಇರುವುದೇ ಅಲ್ಲಿ, ಯಾಕಂದ್ರೆ ಅಭ್ಯಾಸ ಬಿಡುವುದಿಲ್ಲ.

ನಾನೂ ಹಾಗೇ ಮಾಡುತ್ತಿದ್ದೆ. ಒಂದು ಸಲ ಗ್ರೀಸ್ ತೆಗೆಯುವ ದ್ರವದ ನಾಲ್ಕು ಡ್ರಮ್ ಕಳಿಸಬೇಕಿತ್ತು. ಅದರಲ್ಲಿ 45 ಶೇಕಡಾ ಐಸೋಪ್ರೊಪನಾಲ್, 15 ಶೇಕಡಾ ಎಥನಾಲಮೀನ್, ಉಳಿದದ್ದು ನೀರು. ಪಟ್ಟಿಯಲ್ಲಿ ಐಸೋಪ್ರೊಪನಾಲ್ ಯುಎನ್ 1219 ಅಂತ ಇದೆಯಲ್ಲ, ಅದಕ್ಕೆ ‘ಸೊಲ್ಯೂಶನ್’ ಅಂತ ಬಾಲ ಸೇರಿಸಿ, ಬೆಂಕಿಯ ಲೇಬಲ್ ಅಂಟಿಸಿ ಕಳಿಸಿಬಿಟ್ಟೆ. ಸರಕು ಒಪ್ಪಿಸಿಕೊಳ್ಳುವ ಜಾಗದಲ್ಲಿ ಒಬ್ಬ ಹುಡುಗ, ಕೆಲಸಕ್ಕೆ ಸೇರಿ ಜಾಸ್ತಿ ದಿನ ಆಗಿರಲಿಲ್ಲ ಅನಿಸುತ್ತೆ, ಸುರಕ್ಷತಾ ಮಾಹಿತಿ ಹಾಳೆಯಲ್ಲಿ ಕೈ ಸುಡುವ ಚಿತ್ರ ನೋಡಿ ‘ಇದರ ಲೇಬಲ್ ಎಲ್ಲಿ ಸಾರ್?’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕೂ ಡ್ರಮ್ ವಾಪಸ್ ಬಂದವು.

ಕೆಲಸ ಹೋಗಬೇಕಾದ ದಿಕ್ಕೇ ಉಲ್ಟಾ. ಈ ದ್ರವ ಏನು ಮಾಡುತ್ತದೆ ಅನ್ನುವುದು ಮೊದಲು, ಅದಕ್ಕೆ ಏನು ಹೆಸರು ಅನ್ನುವುದು ಕಟ್ಟಕಡೆಗೆ. ಆ ಡ್ರಮ್ಮನ್ನೇ ಮುಂದಿಟ್ಟುಕೊಂಡು ಹಂತ ಹಂತವಾಗಿ ನೋಡೋಣ.

ಯಾರ ನಿಯಮ?

ಎಲ್ಲದರ ಬೇರು ವಿಶ್ವಸಂಸ್ಥೆಯ ‘ಮಾಡೆಲ್ ರೆಗ್ಯುಲೇಶನ್ಸ್’. ರಟ್ಟಿನ ಬಣ್ಣದಿಂದಾಗಿ ಎಲ್ಲರೂ ಆರೆಂಜ್ ಬುಕ್ ಅಂತಾರೆ. ಮೊದಲ ಸಲ ಬಂದದ್ದು 1956ರಲ್ಲಿ, ಈಗ ಎರಡು ವರ್ಷಕ್ಕೊಮ್ಮೆ ತಿದ್ದುಪಡಿ ಆಗುತ್ತದೆ. ಹಡಗಿಗೆ ಐಎಂಡಿಜಿ ಕೋಡ್, ವಿಮಾನಕ್ಕೆ ಐಸಿಎಒ ತಾಂತ್ರಿಕ ಸೂಚನೆಗಳು, ಯುರೋಪಿನ ರಸ್ತೆಗೆ ಎಡಿಆರ್, ಇವೆಲ್ಲ ಅದೇ ಬೇರಿನಿಂದ ಬಂದ ಕೊಂಬೆಗಳು. ಹಾಗಾಗಿ ಕ್ಲಾಸು, ಯುಎನ್ ನಂಬರು, ಹೆಸರು ಇವು ಬಹುಪಾಲು ಎಲ್ಲ ಕಡೆ ಒಂದೇ. ಎಷ್ಟು ಲೀಟರ್ ತನಕ ಕಳಿಸಬಹುದು, ಯಾವುದರ ಪಕ್ಕ ಯಾವುದನ್ನು ಇಡಬಾರದು ಅನ್ನುವುದು ಮಾತ್ರ ಸಾಗಣೆಯ ಬಗೆಯ ಮೇಲೆ ಬದಲಾಗುತ್ತದೆ. ವಿಮಾನದ ನಿಯಮ ಬಿಗಿ. ಯಾವುದೇ ಆದರೂ ಈಗ ಜಾರಿಯಲ್ಲಿರುವ ಆವೃತ್ತಿಯನ್ನೇ ತೆಗೆಯಿರಿ, ಕಪಾಟಿನಲ್ಲಿ ಧೂಳು ಹಿಡಿದಿರುವುದನ್ನಲ್ಲ.

ಹಾಳೆ ಓದಿ, ಆದರೆ 14ನೇ ಭಾಗವನ್ನೇ ನಂಬಿ ಕೂರಬೇಡಿ

ಸುರಕ್ಷತಾ ಮಾಹಿತಿ ಹಾಳೆಯಲ್ಲಿ 16 ಭಾಗ ಇರುತ್ತದೆ. 14ನೆಯದು ಸಾಗಣೆಗೆ ಸಂಬಂಧಿಸಿದ್ದು. ಎಲ್ಲರ ಕಣ್ಣೂ ನೇರ ಅಲ್ಲಿಗೇ ಹೋಗುತ್ತದೆ. ಸಮಸ್ಯೆ ಏನಂದ್ರೆ, ನಿಮ್ಮ ಕೈಯಲ್ಲಿರುವ ಹಾಳೆ ಕಚ್ಚಾ ವಸ್ತುವಿನದ್ದಾಗಿರಬಹುದು. ನೀವು ಅದಕ್ಕೆ ನೀರು ಸೇರಿಸಿದ್ದೀರಿ, ಇನ್ನೊಂದೇನೋ ಬೆರೆಸಿದ್ದೀರಿ, ಈಗ ಅದು ಬೇರೆಯದೇ ಸರಕು. ಹಾಗಾಗಿ 2ನೇ ಭಾಗದಲ್ಲಿ ಅಪಾಯಗಳು, 3ರಲ್ಲಿ ಯಾವ ಘಟಕ ಎಷ್ಟು ಶೇಕಡಾ, 9ರಲ್ಲಿ ಫ್ಲಾಶ್ ಪಾಯಿಂಟ್ (ದ್ರವದ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಉಷ್ಣತೆ), ಕುದಿಯುವ ಬಿಂದು, ಪಿಎಚ್, 11ರಲ್ಲಿ ವಿಷದ ಅಂಕಿಗಳು, 12ರಲ್ಲಿ ನೀರಿನ ಜೀವಿಗಳಿಗೆ ಆಗುವ ಹಾನಿ, ಇಷ್ಟನ್ನೂ ಓದಿ. ಇವು 14ನೇ ಭಾಗದ ಜೊತೆ ಹೊಂದುತ್ತಿಲ್ಲ ಅಂದ್ರೆ ಎಲ್ಲೋ ಎಡವಟ್ಟಾಗಿದೆ ಅಂತಲೇ ಲೆಕ್ಕ.

ಒಂದು ವಿಷಯದಲ್ಲಿ ಮಾತ್ರ ಹೊಂದದಿರುವುದು ಸಹಜ. ಹಾಳೆಯ 2ನೇ ಭಾಗ ಬರೆಯುವುದು ಜಿಎಚ್ಎಸ್ (ರಾಸಾಯನಿಕಗಳ ಅಪಾಯ ವಿಂಗಡಿಸುವ ಜಾಗತಿಕ ಪದ್ಧತಿ) ಪ್ರಕಾರ. ಅದು ಕೆಲಸದ ಜಾಗದಲ್ಲಿ ಇರುವವರ ಆರೋಗ್ಯವನ್ನೂ ನೋಡುತ್ತದೆ. ಸಾಗಣೆ ನಿಯಮ ನೋಡುವುದು ದಾರಿಯಲ್ಲಿ ಡ್ರಮ್ ಒಡೆದರೆ ಏನಾಗುತ್ತದೆ ಅನ್ನುವುದನ್ನು. ಚರ್ಮಕ್ಕೆ ಬರೀ ಉರಿ ತರುವಂಥದ್ದು, ವರ್ಷಗಟ್ಟಲೆ ಮುಟ್ಟಿದರೆ ಕ್ಯಾನ್ಸರ್ ತರಬಹುದಾದದ್ದು, 60ರಿಂದ 93 ಡಿಗ್ರಿ ಸೆಲ್ಸಿಯಸ್ ನಡುವೆ ಫ್ಲಾಶ್ ಪಾಯಿಂಟ್ ಇರುವಂಥದ್ದು, ಇವಕ್ಕೆ ಹಾಳೆಯಲ್ಲಿ ಎಚ್ಚರಿಕೆ ಇರುತ್ತದೆ. ಅಷ್ಟರಿಂದಲೇ ಸಾಗಣೆಯಲ್ಲಿ ಕ್ಲಾಸು ಸಿಗುವುದಿಲ್ಲ.

ಒಂದೊಂದೇ ಅಪಾಯವನ್ನು ಕೇಳಿ

ಕ್ಲಾಸು ಒಂಬತ್ತು. 1 ಸ್ಫೋಟಕ, 2 ಅನಿಲ, 3 ಹೊತ್ತಿಕೊಳ್ಳುವ ದ್ರವ, 4 ಹೊತ್ತಿಕೊಳ್ಳುವ ಘನ, ತಾನಾಗೇ ಉರಿಯುವ ವಸ್ತು ಮತ್ತು ನೀರು ತಾಗಿದರೆ ಉರಿಯುವ ಅನಿಲ ಬಿಡುವಂಥದ್ದು, 5 ಆಕ್ಸಿಡೈಸರ್ ಮತ್ತು ಆರ್ಗ್ಯಾನಿಕ್ ಪೆರಾಕ್ಸೈಡ್, 6 ವಿಷ ಮತ್ತು ಸೋಂಕು, 7 ವಿಕಿರಣ, 8 ಕರೋಸಿವ್ ಅಂದರೆ ಸುಟ್ಟು ತಿನ್ನುವಂಥದ್ದು, 9 ಉಳಿದದ್ದೆಲ್ಲ. ಮಿಶ್ರಣ ಸ್ಫೋಟಕ ಆಗಬಹುದು, ಪೆರಾಕ್ಸೈಡ್ ಇದೆ, ಅಥವಾ ತಾನಾಗೇ ಬಿಸಿಯಾಗಿ ಒಡೆಯುತ್ತದೆ ಅನ್ನುವ ಅನುಮಾನ ಬಂದರೆ ಈ ಲೇಖನ ಮುಚ್ಚಿಟ್ಟು ಪರೀಕ್ಷಾಲಯಕ್ಕೆ ಹೋಗಿ. ಅದು ಲೆಕ್ಕ ಹಾಕಿ ತೀರ್ಮಾನಿಸುವ ವಿಷಯವೇ ಅಲ್ಲ. ಸ್ಟೈರೀನ್ ಥರ ದಾರಿಯಲ್ಲೇ ಪಾಲಿಮರ್ ಆಗಿಬಿಡುವಂಥದ್ದಕ್ಕೆ ತಡೆಯುವ ವಸ್ತು ಸೇರಿಸಿರಲೇಬೇಕು. ಅದಕ್ಕೇ ಅದರ ಹೆಸರಿನಲ್ಲೇ ‘ಸ್ಟೆಬಿಲೈಸ್ಡ್’ ಅಂತ ಇರುತ್ತದೆ.

ನಮ್ಮಲ್ಲಿ ಬಹುತೇಕರಿಗೆ ಎದುರಾಗುವುದು 3, 6.1 (6ರಲ್ಲಿ ವಿಷದ ಭಾಗ), 8 ಮತ್ತು 9. ಇವುಗಳ ಹತ್ತಿರ ಸ್ವಲ್ಪ ನಿಧಾನ ಮಾಡೋಣ.

ಕ್ಲಾಸ್ 3ಕ್ಕೆ ಬೇಕಾದ್ದು ಎರಡೇ ಅಂಕಿ. ಕ್ಲೋಸ್ಡ್ ಕಪ್ (ಮುಚ್ಚಿದ ಬಟ್ಟಲಿನಲ್ಲಿ ಅಳೆದ) ಫ್ಲಾಶ್ ಪಾಯಿಂಟ್ 60 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಳಗೆ. ಕುದಿಯಲು ಶುರುವಾಗುವ ಬಿಂದು 35 ಡಿಗ್ರಿ ಅಥವಾ ಕೆಳಗಿದ್ದರೆ ಪ್ಯಾಕಿಂಗ್ ಗ್ರೂಪ್ 1, ಅಂದರೆ ಅತಿ ಅಪಾಯ. ಅದು ಅಲ್ಲದಿದ್ದರೆ, ಫ್ಲಾಶ್ ಪಾಯಿಂಟ್ 23ಕ್ಕಿಂತ ಕಡಿಮೆ ಇದ್ದರೆ ಗ್ರೂಪ್ 2, 23ರಿಂದ 60ರ ತನಕ ಗ್ರೂಪ್ 3. ಇಲ್ಲಿ ಒಂದು ಗುಂಡಿ ಇದೆ, ತುಂಬಾ ಜನ ಬೀಳುತ್ತಾರೆ. ಮಿಶ್ರಣದ ಫ್ಲಾಶ್ ಪಾಯಿಂಟನ್ನು ಘಟಕಗಳ ಸರಾಸರಿ ತೆಗೆದು ಹೇಳಲು ಆಗುವುದಿಲ್ಲ. ಮೊದಲು ಹೊತ್ತಿಕೊಳ್ಳುವುದು ಮೇಲೆ ನಿಂತ ಆವಿ, ಮತ್ತು ಆವಿಯಲ್ಲಿ ಬೇಗ ಹಾರುವ ಘಟಕದ್ದೇ ದೊಡ್ಡ ಪಾಲು. ಭಾರದ ಎಣ್ಣೆಗೆ ಚೂರು ಅಸಿಟೋನ್ ಬಿದ್ದರೂ ಫ್ಲಾಶ್ ಪಾಯಿಂಟ್ ದಬ್ಬನೆ ಕೆಳಗಿಳಿಯುತ್ತದೆ. ನೀರು ಸೇರಿಸಿದ್ದೇವೆ, ಇನ್ನೇನು ಉರಿಯುತ್ತೆ ಬಿಡಿ ಅನ್ನುವುದೂ ಅಷ್ಟೇ ಪೊಳ್ಳು. ನೀರಿನಲ್ಲಿ 10 ಶೇಕಡಾ ಎಥನಾಲ್ ಇರುವ ದ್ರಾವಣದ ಫ್ಲಾಶ್ ಪಾಯಿಂಟ್ ಕೂಡ 50ರ ಆಸುಪಾಸು, ಅಂದರೆ ಅಂಕಿಯ ಲೆಕ್ಕದಲ್ಲಿ ಕ್ಲಾಸ್ 3ರ ಒಳಗೇ. ಅಂಥದ್ದಕ್ಕೆ ನಿಯಮದಲ್ಲೇ ಬಿಡುಗಡೆ ಇದೆ: 24 ಶೇಕಡಾ ತನಕದ ಎಥನಾಲ್ ನೀರಿನ ದ್ರಾವಣಕ್ಕೆ ವಿನಾಯಿತಿ, 35 ಡಿಗ್ರಿಗಿಂತ ಹೆಚ್ಚು ಫ್ಲಾಶ್ ಪಾಯಿಂಟ್ ಇದ್ದೂ ಉರಿಯನ್ನು ಹಿಡಿದಿಟ್ಟುಕೊಳ್ಳದ ದ್ರವಕ್ಕೂ ವಿನಾಯಿತಿ. ಆದರೆ ಎರಡನೆಯದಕ್ಕೆ ಪರೀಕ್ಷೆಯ ವರದಿ ಕೈಯಲ್ಲಿರಬೇಕು. ಒಟ್ಟಿನಲ್ಲಿ ಫ್ಲಾಶ್ ಪಾಯಿಂಟನ್ನು ಅಳೆಸಿಬಿಡಿ, ದುಡ್ಡು ಉಳಿಸುವ ಜಾಗ ಇದಲ್ಲ. ನಮ್ಮ ಡ್ರಮ್ಮಿನದ್ದು 21 ಬಂತು. ಹಾಗಾಗಿ ಕ್ಲಾಸ್ 3, ಗ್ರೂಪ್ 2.

ಕ್ಲಾಸ್ 8ರಲ್ಲಿ ಕೇಳುವುದು, ಚರ್ಮದ ಪೂರ್ತಿ ದಪ್ಪ ಹಾಳಾಗಲು ಎಷ್ಟು ಹೊತ್ತು ತಾಗಿರಬೇಕು ಅಂತ. 3 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಸಾಕಾದರೆ ಗ್ರೂಪ್ 1. 3 ನಿಮಿಷ ದಾಟಿ 1 ಗಂಟೆಯೊಳಗಾದರೆ ಗ್ರೂಪ್ 2. 1 ಗಂಟೆ ದಾಟಿ 4 ಗಂಟೆಯೊಳಗಾದರೆ ಗ್ರೂಪ್ 3. ಚರ್ಮಕ್ಕೆ ಏನೂ ಮಾಡದೆ ಲೋಹ ತಿನ್ನುವ ದ್ರವವೂ ಬರುತ್ತದೆ: 55 ಡಿಗ್ರಿಯಲ್ಲಿ ಉಕ್ಕನ್ನೋ ಅಲ್ಯೂಮಿನಿಯಮ್ಮನ್ನೋ ವರ್ಷಕ್ಕೆ 6.25 ಮಿಲಿಮೀಟರಿಗಿಂತ ಜಾಸ್ತಿ ಸವೆಸಿದರೆ ಗ್ರೂಪ್ 3. ಇದನ್ನು ಮರೆಯುವವರು ತುಂಬಾ. ಮಿಶ್ರಣವನ್ನೇ ಪರೀಕ್ಷೆ ಮಾಡಿಸಿಲ್ಲ, ಅಂಥದ್ದೇ ಬೇರೆ ಮಿಶ್ರಣದ ಮಾಹಿತಿಯೂ ಇಲ್ಲ ಅಂದ್ರೆ ಘಟಕಗಳನ್ನು ಕೂಡಿಸುವ ಲೆಕ್ಕ ಇದೆ. ಸುಡುವ ಘಟಕಗಳ ಒಟ್ಟು ಪಾಲು ಸಾಮಾನ್ಯವಾಗಿ 5 ಶೇಕಡಾ ಮುಟ್ಟಿದರೆ ಮಿಶ್ರಣ ಕ್ಲಾಸ್ 8. ಕೆಲವು ವಸ್ತುಗಳಿಗೆ ಅವುಗಳದ್ದೇ ಬೇರೆ ಮಿತಿ ಇರುತ್ತದೆ, ಅದನ್ನು ನೋಡಿಕೊಳ್ಳಿ. ಎಥನಾಲಮೀನ್ ಶುದ್ಧ ರೂಪದಲ್ಲಿ ಕ್ಲಾಸ್ 8, ಗ್ರೂಪ್ 3. ನಮ್ಮಲ್ಲಿ 15 ಶೇಕಡಾ ಇದೆ. ಹಾಗಾಗಿ ಡ್ರಮ್ಮೂ ಕ್ಲಾಸ್ 8, ಗ್ರೂಪ್ 3. ಅವತ್ತು ಆ ಹುಡುಗ ಕೇಳಿದ ಲೇಬಲ್ ಇದೇ.

ವಿಷಕ್ಕೆ, ಅಂದರೆ 6.1ಕ್ಕೆ, ಬಾಯಿ, ಚರ್ಮ, ಉಸಿರು ಮೂರೂ ದಾರಿ ನೋಡಬೇಕು. ಬಾಯಿಯ ದಾರಿಯಲ್ಲಿ ಎಲ್‌ಡಿ50 (ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ) ಅಂಕಿ ದೇಹದ ತೂಕದ ಕೆಜಿಗೆ 5 ಮಿಲಿಗ್ರಾಂ ತನಕ ಗ್ರೂಪ್ 1, 50ರ ತನಕ ಗ್ರೂಪ್ 2, 300ರ ತನಕ ಗ್ರೂಪ್ 3. ಅಂಕಿ ಚಿಕ್ಕದಾದಷ್ಟೂ ವಿಷ ಜೋರು. ಚರ್ಮದ ದಾರಿಗೆ ಇವೇ ಮಿತಿಗಳು 50, 200, 1000. ಮಿಶ್ರಣಕ್ಕೆ ಲೆಕ್ಕ ಸುಲಭ: ಪ್ರತಿ ವಿಷ ಘಟಕದ ಶೇಕಡಾವನ್ನು ಅದರ ಎಲ್‌ಡಿ50ಯಿಂದ ಭಾಗಿಸಿ, ಬಂದದ್ದನ್ನೆಲ್ಲ ಕೂಡಿಸಿ, 100ನ್ನು ಆ ಮೊತ್ತದಿಂದ ಭಾಗಿಸಿ. ಉದಾಹರಣೆಗೆ ಎಲ್‌ಡಿ50 ಅಂಕಿ 40 ಇರುವ ಘಟಕ 10 ಶೇಕಡಾ, ಉಳಿದದ್ದು ನೀರು ಅಂದ್ಕೊಳ್ಳಿ. 10 ಭಾಗಿಸು 40 ಅಂದರೆ 0.25, ಮಿಶ್ರಣದ್ದು 400. 300 ದಾಟಿತು, ಬಾಯಿಯ ದಾರಿಯಲ್ಲಿ 6.1 ಅಲ್ಲ. ಅದೇ ಘಟಕ 20 ಶೇಕಡಾ ಆದರೆ ಮಿಶ್ರಣದ್ದು 200, ಗ್ರೂಪ್ 3. ಅದೇ ವಿಷ, ನೀರು ಮಾತ್ರ ಕಡಿಮೆ. ಉಸಿರಿನ ದಾರಿಗೆ ಆವಿಯ ಒತ್ತಡವನ್ನೂ ಲೆಕ್ಕಕ್ಕೆ ತಗೊಳ್ಳಬೇಕು, ಅಲ್ಲಿ ಸುಮ್ನೆ ಅಂದಾಜು ಮಾಡಬೇಡಿ. ನಮ್ಮ ಡ್ರಮ್ಮಿನ ಎರಡೂ ಘಟಕಗಳನ್ನು ಮೂರೂ ದಾರಿಯಲ್ಲಿ ನೋಡಿದೆ, ಮಿಶ್ರಣ 6.1ರ ಮಿತಿಯಿಂದ ಆಚೆಗೇ ಉಳಿಯಿತು.

ಕ್ಲಾಸ್ 9ರಲ್ಲಿ ನಮಗೆ ಸಿಗುವುದು ನೀರಿನ ಜೀವಿಗಳಿಗೆ ಹಾನಿ ಮಾಡುವ ಮಿಶ್ರಣಗಳು. ಬೇರೆ ಯಾವ ಕ್ಲಾಸಿಗೂ ಸೇರದಿದ್ದರೆ ದ್ರವಕ್ಕೆ ಯುಎನ್ 3082, ಘನಕ್ಕೆ 3077. ಬೇರೆ ಕ್ಲಾಸಿಗೆ ಸೇರಿದ್ದರೆ ಆ ಕ್ಲಾಸಿನ ಹೆಸರೇ ಇರುತ್ತದೆ, ಮೀನು ಮತ್ತು ಮರದ ಗುರುತು ಜೊತೆಗೆ ಸೇರಬಹುದು. 3082, 3077 ಸರಕು 5 ಲೀಟರ್ ಅಥವಾ 5 ಕೆಜಿ ಮೀರದ ಒಳಪ್ಯಾಕುಗಳಲ್ಲಿದ್ದರೆ, ಪ್ಯಾಕಿಂಗ್ ಗಟ್ಟಿಯಾಗಿದ್ದರೆ, ಹೆಚ್ಚಿನ ನಿಯಮಗಳಿಂದ ಬಿಡುಗಡೆ.

ಎರಡು ಅಪಾಯ ಜಗಳಕ್ಕೆ ಬಿದ್ದರೆ

ಈಗ ನಮ್ಮ ಡ್ರಮ್ಮಿಗೆ ಎರಡು ಕ್ಲಾಸು ಬಂತು. ಯಾವುದು ಮುಖ್ಯ? ಇದು ನಿಮ್ಮ ಅಭಿಪ್ರಾಯ ಕೇಳುವ ಪ್ರಶ್ನೆ ಅಲ್ಲ. ಆರೆಂಜ್ ಬುಕ್ಕಿನ 2.0.3.3ರಲ್ಲಿ ಕೋಷ್ಟಕವೇ ಇದೆ. ಒಂದು ಕಡೆ 3ರ ಗ್ರೂಪ್ 2, ಇನ್ನೊಂದು ಕಡೆ 8ರ ಗ್ರೂಪ್ 3 ಹಿಡಿದು ಎರಡೂ ಸೇರುವ ಮನೆ ನೋಡಿದರೆ ಉತ್ತರ 3. ಮುಖ್ಯ ಅಪಾಯ 3, ಉಪ ಅಪಾಯ 8. ಪ್ಯಾಕಿಂಗ್ ಗ್ರೂಪ್ ಯಾವಾಗಲೂ ಎರಡರಲ್ಲಿ ಬಿಗಿಯಾದದ್ದು, ಇಲ್ಲಿ 2.

ಇಲ್ಲಿ ಒಂದು ತಮಾಷೆ ನೋಡಿ. ಸುಡುವ ಘಟಕ ಇನ್ನಷ್ಟು ಜೋರಿನದ್ದಾಗಿ 8ರ ಗ್ರೂಪ್ 2 ಬಂದು, ಜೊತೆಗೆ ನೀರೂ ಸ್ವಲ್ಪ ಹೆಚ್ಚಾಗಿ ಫ್ಲಾಶ್ ಪಾಯಿಂಟ್ 25 ಆಗಿದ್ದರೆ, ಕೋಷ್ಟಕ ತಿರುಗಿ 8 ಅನ್ನುತ್ತದೆ. ಮುಖ್ಯ ಲೇಬಲ್ಲೇ ಬದಲು, ಯುಎನ್ ನಂಬರೇ ಬದಲು. ನೋಡಲು ಎರಡೂ ಒಂದೇ ಬಣ್ಣದ ದ್ರವ.

ಕೆಲವು ಅಪಾಯಗಳು ಕೋಷ್ಟಕಕ್ಕೆ ಬರುವುದೇ ಇಲ್ಲ, ಯಾವತ್ತೂ ಅವೇ ಮೇಲೆ: ಸ್ಫೋಟಕ, ಅನಿಲ, ಗಾಳಿ ತಾಗಿದರೆ ಹೊತ್ತಿಕೊಳ್ಳುವ 4.2, ತಾನಾಗೇ ಒಡೆಯುವ 4.1, ಆರ್ಗ್ಯಾನಿಕ್ ಪೆರಾಕ್ಸೈಡ್, ಉಸಿರಿನ ದಾರಿಯಲ್ಲಿ ಗ್ರೂಪ್ 1ರ ವಿಷ, ಸೋಂಕು, ವಿಕಿರಣ.

ಈಗ ಪಟ್ಟಿ ತೆಗೆಯಿರಿ

ಪಟ್ಟಿಯಲ್ಲಿ ಹೆಸರುಗಳು ನಾಲ್ಕು ಮೆಟ್ಟಿಲಲ್ಲಿ ಇರುತ್ತವೆ. ಮೇಲಿನ ಮೆಟ್ಟಿಲಲ್ಲಿ ಸಿಕ್ಕರೆ ಕೆಳಗೆ ಇಳಿಯುವ ಹಾಗಿಲ್ಲ. ಮೊದಲನೆಯದು ವಸ್ತುವಿನದ್ದೇ ಹೆಸರು, ಯುಎನ್ 1090 ಅಸಿಟೋನ್ ಥರ. ಎರಡನೆಯದು ಬಳಕೆಯ ಗುಂಪಿನ ಹೆಸರು: ಯುಎನ್ 1133 ಅಡ್ಹೆಸಿವ್ಸ್, ಯುಎನ್ 1266 ಪರ್ಫ್ಯೂಮರಿ ಪ್ರಾಡಕ್ಟ್ಸ್, ಯುಎನ್ 1263 ಪೇಂಟ್ ಅಥವಾ ಪೇಂಟ್ ರಿಲೇಟೆಡ್ ಮೆಟೀರಿಯಲ್. ಮೂರನೆಯದು ರಾಸಾಯನಿಕ ಗುಂಪಿನ ಎನ್.ಒ.ಎಸ್. ಹೆಸರು, ಯುಎನ್ 1987 ಆಲ್ಕೊಹಾಲ್ಸ್, ಎನ್.ಒ.ಎಸ್. ಥರ. ಎನ್.ಒ.ಎಸ್. ಅಂದರೆ ಬೇರೆಲ್ಲೂ ಹೆಸರಿಸಿಲ್ಲದ್ದು ಅಂತ. ನಾಲ್ಕನೆಯದು ಬರೀ ಅಪಾಯ ಹೇಳುವ ಹೆಸರು, ಯುಎನ್ 1993 ಫ್ಲೇಮಬಲ್ ಲಿಕ್ವಿಡ್, ಎನ್.ಒ.ಎಸ್.

1993ನ್ನು ಎಲ್ಲದಕ್ಕೂ ಬಳಿಯುವವರನ್ನು ತುಂಬಾ ನೋಡಿದ್ದೇನೆ. ಪೇಂಟ್ ಥಿನ್ನರ್ ಕಳಿಸುವುದಾದರೆ ಎರಡನೇ ಮೆಟ್ಟಿಲಿನ 1263 ಇದೆ. ಎಥನಾಲ್, ಐಸೋಪ್ರೊಪನಾಲ್ ಬೆರೆಸಿದ್ದಕ್ಕೆ ಮೂರನೇ ಮೆಟ್ಟಿಲಿನ 1987 ಇದೆ. ಅದಕ್ಕೆ ವಿಷವಾಗುವಷ್ಟು ಮೆಥನಾಲ್ ಸೇರಿದ್ದರೆ ಯುಎನ್ 1986. ಮೆಟ್ಟಿಲು ಹಾರಿ 1993ಕ್ಕೆ ಇಳಿದರೆ ಬೆಂಕಿ ಆರಿಸಲು ಬಂದವರಿಗೆ ಸಿಗಬೇಕಿದ್ದ ಮಾಹಿತಿ ಅಷ್ಟು ಕಡಿಮೆ ಆಯ್ತು ಅಂತ ಅರ್ಥ.

ಪಟ್ಟಿಯಲ್ಲಿರುವ ಒಂದೇ ವಸ್ತು ಮುಖ್ಯವಾಗಿ ಇದ್ದು, ಉಳಿದದ್ದು ನೀರೋ ಅಪಾಯವಿಲ್ಲದ್ದೋ ಆದರೆ ಅದೇ ಹೆಸರಿಗೆ ‘ಸೊಲ್ಯೂಶನ್’ ಅಥವಾ ‘ಮಿಕ್ಸ್‌ಚರ್’ ಸೇರಿಸಿ ಬಳಸಬಹುದು. ಆದರೆ ಮಿಶ್ರಣದ ಕ್ಲಾಸು, ಉಪ ಅಪಾಯ, ಪ್ಯಾಕಿಂಗ್ ಗ್ರೂಪು ಅಥವಾ ಘನ, ದ್ರವ, ಅನಿಲ ಅನ್ನುವ ಸ್ಥಿತಿ ಬೇರೆಯಾಗಿದ್ದರೆ ಆಗುವುದಿಲ್ಲ. ಅವಘಡವಾದಾಗ ಮಾಡಬೇಕಾದ ಕೆಲಸ ಬೇರೆಯಾಗಿದ್ದರೂ ಆಗುವುದಿಲ್ಲ. ಮಿಶ್ರಣಕ್ಕೇ ಪಟ್ಟಿಯಲ್ಲಿ ಬೇರೆ ಹೆಸರಿದ್ದರೆ ಅದನ್ನೇ ಬಳಸಬೇಕು. ಹೈಡ್ರೋಜನ್ ಪೆರಾಕ್ಸೈಡ್ ಇದಕ್ಕೆ ಒಳ್ಳೆಯ ಉದಾಹರಣೆ: ನೀರಿನಲ್ಲಿ 8ರಿಂದ 20 ಶೇಕಡಾಕ್ಕೆ ಒಳಗಿದ್ದರೆ ಯುಎನ್ 2984, 20ರಿಂದ 60ರ ತನಕ 2014, 60 ದಾಟಿದರೆ 2015.

ನನ್ನ ‘ಐಸೋಪ್ರೊಪನಾಲ್ ಸೊಲ್ಯೂಶನ್’ ಬಿದ್ದದ್ದು ಉಪ ಅಪಾಯದ ಹತ್ತಿರ. ಯುಎನ್ 1219ಕ್ಕೆ ಉಪ ಅಪಾಯ ಇಲ್ಲ, ನನ್ನ ಡ್ರಮ್ಮಿಗೆ ಇದೆ. 1987 ಕೂಡ ಕರೋಸಿವ್ ಗುಣ ಹೇಳುವುದಿಲ್ಲ. ಹಾಗೆ ಇಳಿಯುತ್ತಾ ಹೋದರೆ ಸಿಗುವುದು ಯುಎನ್ 2924 ಫ್ಲೇಮಬಲ್ ಲಿಕ್ವಿಡ್, ಕರೋಸಿವ್, ಎನ್.ಒ.ಎಸ್. ಕೋಷ್ಟಕ ತಿರುಗಿ 8 ಮುಖ್ಯ ಆಗಿದ್ದರೆ ಯುಎನ್ 2920 ಕರೋಸಿವ್ ಲಿಕ್ವಿಡ್, ಫ್ಲೇಮಬಲ್, ಎನ್.ಒ.ಎಸ್. ಆಗುತ್ತಿತ್ತು. ಪದಗಳ ಕ್ರಮವೇ ಯಾವ ಅಪಾಯ ಮೊದಲು ಅಂತ ಹೇಳುತ್ತದೆ.

ಬ್ರಾಕೆಟ್ ಒಳಗೆ ಏನು?

ಪಟ್ಟಿಯಲ್ಲಿ ಹೆಸರಿನ ಎದುರಿಗೆ ವಿಶೇಷ ನಿಯಮ 274 ಅಂತ ಇದ್ದರೆ ಬ್ರಾಕೆಟ್ಟಿನಲ್ಲಿ ರಾಸಾಯನಿಕ ಹೆಸರು ಬರಲೇಬೇಕು. ಬ್ರ್ಯಾಂಡ್ ಹೆಸರು ನಡೆಯುವುದಿಲ್ಲ, ‘ನಮ್ಮ ಗುಟ್ಟಿನ ಮಿಶ್ರಣ’ ಅನ್ನುವುದೂ ನಡೆಯುವುದಿಲ್ಲ. ಮಿಶ್ರಣವಾದರೆ ಅಪಾಯಕ್ಕೆ ಹೆಚ್ಚು ಕಾರಣವಾಗುವ ಎರಡು ಘಟಕ ಸಾಕು. ಜಾಸ್ತಿ ಪ್ರಮಾಣ ಇರುವುದಲ್ಲ, ಜಾಸ್ತಿ ಅಪಾಯ ತರುವುದು. ಉಪ ಅಪಾಯದ ಲೇಬಲ್ ಇದ್ದರೆ, ಆ ಲೇಬಲ್ಲಿಗೆ ಕಾರಣವಾದ ಘಟಕ ಆ ಎರಡರಲ್ಲಿ ಒಂದಾಗಿರಬೇಕು. ನಮ್ಮಲ್ಲಿ ಬೆಂಕಿಗೆ ಐಸೋಪ್ರೊಪನಾಲ್, ಸುಡುವುದಕ್ಕೆ ಎಥನಾಲಮೀನ್. ಹಾಗಾಗಿ ಕಾಗದದ ಮೇಲೆ ಬರುವ ಸಾಲು ಇದು:

ಯುಎನ್ 2924, ಫ್ಲೇಮಬಲ್ ಲಿಕ್ವಿಡ್, ಕರೋಸಿವ್, ಎನ್.ಒ.ಎಸ್. (ಐಸೋಪ್ರೊಪನಾಲ್, ಎಥನಾಲಮೀನ್), 3 (8), ಪ್ಯಾಕಿಂಗ್ ಗ್ರೂಪ್ 2

ನಂಬರು, ಹೆಸರು, ಕ್ಲಾಸು, ಬ್ರಾಕೆಟ್ಟಿನಲ್ಲಿ ಉಪ ಅಪಾಯ, ಗ್ರೂಪು. ಈ ಕ್ರಮ ಬದಲಿಸುವ ಹಾಗಿಲ್ಲ, ನಡುವೆ ಬೇರೇನನ್ನೂ ತುರುಕುವ ಹಾಗಿಲ್ಲ. ದಾಖಲೆಯಲ್ಲಿ ಗ್ರೂಪನ್ನು ರೋಮನ್ ಅಂಕಿಯಲ್ಲಿ ಬರೆಯುತ್ತಾರೆ. ಹಡಗಿನ ಕಾಗದಕ್ಕೆ ಫ್ಲಾಶ್ ಪಾಯಿಂಟನ್ನೂ ಸೇರಿಸಿ. ಎಸೆಯಲು ಹೋಗುವ ತ್ಯಾಜ್ಯವಾದರೆ ಹೆಸರಿಗಿಂತ ಮೊದಲು ‘ವೇಸ್ಟ್’ ಅಂತ ಬರಬೇಕು.

ಡ್ರಮ್ಮಿನ ಮೇಲೆ

ಗ್ರೂಪ್ 2 ಅಂದ ಮೇಲೆ ಡ್ರಮ್ಮಿನ ತಳದಲ್ಲೋ ಪಕ್ಕದಲ್ಲೋ ಇರುವ ಯುಎನ್ ಗುರುತನ್ನು ಬಗ್ಗಿ ನೋಡಿ. ಅದರಲ್ಲಿ ಎಕ್ಸ್ ಅಕ್ಷರ ಇದ್ದರೆ ಮೂರೂ ಗ್ರೂಪಿಗೆ ಆಗುತ್ತದೆ, ವೈ ಇದ್ದರೆ 2 ಮತ್ತು 3ಕ್ಕೆ, ಝಡ್ ಇದ್ದರೆ 3ಕ್ಕೆ ಮಾತ್ರ. ನಮಗೆ ಝಡ್ ನಡೆಯುವುದಿಲ್ಲ. ಎಥನಾಲಮೀನ್ ಅನ್ನುವ ಅಮೀನ್ ಇರುವುದರಿಂದ ಡ್ರಮ್ಮಿನ ಒಳಮೈ, ಮುಚ್ಚಳದ ವಾಷರ್ ತಡೆಯುತ್ತವಾ ಅಂತಲೂ ಕೇಳಿಕೊಳ್ಳಿ. ಲೇಬಲ್ಲುಗಳು ವಜ್ರದ ಆಕಾರ, ಬದಿಗಳು 100 ಮಿಲಿಮೀಟರ್, ಬೆಂಕಿಯದ್ದೂ ಕರೋಸಿವ್ ಚಿತ್ರದ್ದೂ ಅಕ್ಕಪಕ್ಕ. ಯುಎನ್ ನಂಬರಿನ ಅಕ್ಷರ ಕನಿಷ್ಠ 12 ಮಿಲಿಮೀಟರ್ ಎತ್ತರ. 30 ಲೀಟರ್ ತನಕದ ಪ್ಯಾಕಿಗೆ 6 ಸಾಕು. ಹಳೆಯ ಸರಕಿನ ಲೇಬಲ್ ಉಳಿದಿದ್ದರೆ ಕಿತ್ತುಹಾಕಿ ಅಥವಾ ಪೂರ್ತಿ ಮುಚ್ಚಿ.

ಲೆಕ್ಕ ಮಾಡಿದ ಹಾಳೆ, ಪರೀಕ್ಷೆಯ ವರದಿ, ಬಳಸಿದ ಆವೃತ್ತಿ ಯಾವುದು ಅನ್ನುವುದು ಎಲ್ಲ ಒಂದೇ ಫೈಲಿನಲ್ಲಿಡಿ. ಮಿಶ್ರಣದ ಪಾಕ ಬದಲಾದ ದಿನ ಇಡೀ ಕೆಲಸ ಮತ್ತೆ ಮೊದಲಿಂದ. ಉತ್ಪಾದನೆಯವರು ನಿಮಗೆ ಹೇಳದೆ ಅಮೀನನ್ನು 15ರಿಂದ 3 ಶೇಕಡಾಕ್ಕೆ ಇಳಿಸಿದರೂ ಹೆಸರು ಬದಲಾಗಬಹುದು, ಕಡಿಮೆ ಅಪಾಯದ ಕಡೆಗೇ ಆದರೂ.

ಖಾಲಿ ಅನ್ನುವ ಮುಂಚೆ

ಡ್ರಮ್ ವಾಪಸ್ ಬರುವಾಗ ‘ಖಾಲಿ’ ಅಂತ ಬರೆಯಲು ಕೈ ತುರಿಸುತ್ತದೆ. 1996ರ ಮೇ 11ರಂದು ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ವ್ಯಾಲ್ಯುಜೆಟ್ 592 ವಿಮಾನ ಬಿದ್ದು 110 ಜನ ಸತ್ತರು. ಅದರ ಸರಕಿನ ಕೋಣೆಯಲ್ಲಿ ಆಮ್ಲಜನಕ ತಯಾರಿಸುವ ರಾಸಾಯನಿಕ ಡಬ್ಬಿಗಳಿದ್ದವು, ಕಾಗದದಲ್ಲಿ ಅವು ಖಾಲಿ ಅಂತ ಬರೆದಿತ್ತು. ಖಾಲಿ ಆಗಿರಲಿಲ್ಲ.

ಅರ್ಧ ಲೋಟದಷ್ಟು ಐಸೋಪ್ರೊಪನಾಲ್ ಉಳಿದ ಡ್ರಮ್ಮಿನಲ್ಲಿ ಆವಿ ತುಂಬಿರುತ್ತದೆ, ಒಂದು ಕಿಡಿಗೆ ಅದು ತುಂಬಿದ ಡ್ರಮ್ಮಿಗಿಂತ ಸುಲಭವಾಗಿ ಸಿಡಿಯಬಹುದು. ಅದಕ್ಕೇ ತೊಳೆದು ಆವಿ ಹೋಗುವ ತನಕ ಅದೇ ಯುಎನ್ ನಂಬರು, ಅದೇ ಎರಡು ಲೇಬಲ್ ಹಾಗೇ ಇರಬೇಕು, ಕಾಗದದಲ್ಲಿ ಅದೇ ಸಾಲಿನ ಜೊತೆ ‘ಎಂಪ್ಟಿ ಅನ್‌ಕ್ಲೀನ್ಡ್’ ಅಂತ ಸೇರಿಸಬೇಕು. ತೊಳೆದಾದ ಮೇಲೆ ಲೇಬಲ್ ಕಿತ್ತುಹಾಕಿ, ಆಗ ಖಾಲಿ ಅಂತ ಬರೆಯಿರಿ.